ಕಟ್ಟದೆ ಉಳಿದ ಮಹಡಿಗಳ ವ್ಯಾಪಾರ

ನ್ಯೂಯಾರ್ಕ್ ನಗರದಲ್ಲಿ ‘ಏರ್ ರೈಟ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸರಕಿನೊಳಗೆ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಇರುವುದು ಒಂದು ಲೆಕ್ಕ ಮಾತ್ರ. ಯಾವ ನಿವೇಶನದಲ್ಲಿ ಒಟ್ಟು ಎಷ್ಟು ಚದರ ಅಡಿ ಕಟ್ಟಬಹುದು ಎಂಬುದನ್ನು ನಗರದ ವಲಯ ನಿಯಮ ಗೊತ್ತುಮಾಡಿರುತ್ತದೆ. ನಿವೇಶನದ ವಿಸ್ತೀರ್ಣಕ್ಕೂ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣಕ್ಕೂ ಇರುವ ಅನುಪಾತವೇ ಎಫ್‌ಎಆರ್. ಹತ್ತು ಸಾವಿರ ಚದರ ಅಡಿಯ ಜಾಗಕ್ಕೆ ಎಫ್‌ಎಆರ್ 10 ಎಂದಿದ್ದರೆ ಒಂದು ಲಕ್ಷ ಚದರ ಅಡಿ ಕಟ್ಟಬಹುದು. ಅಲ್ಲಿ ಮೂವತ್ತು ಸಾವಿರ ಚದರ ಅಡಿಯ ಹಳೆಯ ಕಟ್ಟಡವೊಂದು ನಿಂತಿದ್ದರೆ ಮಿಕ್ಕ ಎಪ್ಪತ್ತು ಸಾವಿರ ಮಾಲೀಕನ ಖಾತೆಯಲ್ಲಿ ಜಮೆ ಇದ್ದಂತೆ. ಅದನ್ನು ಅವನು ಪಕ್ಕದವನಿಗೆ ಮಾರಬಹುದು. ಮಾರಿದ ಮೇಲೆ ಅವನ ಕಟ್ಟಡ ಇದ್ದಷ್ಟೇ ಇರಬೇಕು, ಪಕ್ಕದವನದು ಅಷ್ಟು ಬೆಳೆಯುತ್ತದೆ. ಈ ಸರಕನ್ನು ಹುಟ್ಟಿಸಿದ್ದು ನಿಯಮ, ಅದರ ಬೆಲೆ ನಿಂತಿರುವುದೂ ನಿಯಮದ ಬಿಗಿಯ ಮೇಲೆ. ಮಿತಿಯೇ ಇಲ್ಲದ ಊರಿನಲ್ಲಿ ಕಟ್ಟದೆ ಉಳಿದ ಮಹಡಿಯನ್ನು ಯಾರೂ ಕಾಸು ಕೊಟ್ಟು ಕೊಳ್ಳುವುದಿಲ್ಲ.

ನೆಲದ ಒಡೆತನ ಮೇಲಕ್ಕೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಹಳೆಯದು. ಕನ್ನಡದ ಶಾಸನಗಳಲ್ಲಿ ಭೂಮಿಯನ್ನು ದಾನ ಕೊಡುವಾಗ ಬರುವ ‘ಅಷ್ಟಭೋಗ ತೇಜಸ್ವಾಮ್ಯ’ದಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣಗಳ ಹೆಸರು ಉಂಟು, ನೆಲದೊಳಗಿನದೂ ಮುಂದೆ ಬರಲಿರುವುದೂ ಸೇರಿ ಎಂಟು ಬಗೆಯ ಹಕ್ಕುಗಳಿವೆ, ಆದರೆ ಮೇಲಿನ ಬಯಲನ್ನು ಬರೆದುಕೊಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಯೂರೋಪಿನ ಕಾನೂನು ಮಾತ್ರ ನೆಲ ಯಾರದೋ ಅದರ ಮೇಲಿನ ಆಕಾಶ, ಕೆಳಗಿನ ಪಾತಾಳವೂ ಅವರದೇ ಎಂದು ಉದಾರವಾಗಿ ಹೇಳಿತ್ತು. ವಿಮಾನ ಬಂದ ಮೇಲೆ ಆ ಮಾತು ನಿಲ್ಲಲಿಲ್ಲ. ಉತ್ತರ ಕೆರೊಲೈನಾದ ಕೋಳಿ ಸಾಕಣೆಗಾರ ಥಾಮಸ್ ಕಾಸ್ಬಿಯ ಜಮೀನಿನ ಮೇಲೆ ಸೇನಾ ವಿಮಾನಗಳು ತೀರ ತಗ್ಗಿನಲ್ಲಿ ಹಾರುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಬಡಿದುಕೊಂಡು ಸತ್ತವು. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನಿಗೆ ಪರಿಹಾರ ಸಲ್ಲಬೇಕೆಂದು ಹೇಳಿತು. ಜೊತೆಗೆ ಆಕಾಶದ ತುದಿಯವರೆಗಿನ ಒಡೆತನವೆಂಬುದು ಇನ್ನು ನಡೆಯುವುದಿಲ್ಲ, ಮಾಲೀಕನಿಗೆ ಸಲ್ಲುವುದು ಅವನು ನಿಜವಾಗಿ ಬಳಸಬಲ್ಲಷ್ಟು ಮೇಲಿನ ಜಾಗ ಮಾತ್ರ ಎಂದಿತು. ಆ ಹೊತ್ತಿಗೆ ನ್ಯೂಯಾರ್ಕಿನವರು ಮೇಲಿನ ಜಾಗವನ್ನು ಬಳಸಿ ಹಣ ಮಾಡಲು ಕಲಿತು ನಾಲ್ಕು ದಶಕಗಳಾಗಿದ್ದವು.

ಅದನ್ನು ಕಲಿಸಿದ್ದು ರೈಲು. 1902ರ ಜನವರಿಯಲ್ಲಿ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಉಗಿಬಂಡಿಯ ಹೊಗೆ ತುಂಬಿ, ಸಿಗ್ನಲ್ ಕಾಣದೆ ಒಂದು ರೈಲು ಇನ್ನೊಂದಕ್ಕೆ ಗುದ್ದಿ 15 ಜನ ಸತ್ತರು. 1908ರಿಂದ ಮ್ಯಾನ್‌ಹಟನ್ನಿನಲ್ಲಿ ಉಗಿ ಎಂಜಿನ್ ಓಡಬಾರದೆಂದು ಕಾನೂನಾಯಿತು. ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಮುಖ್ಯ ಎಂಜಿನಿಯರ್ ವಿಲಿಯಂ ವಿಲ್ಗಸ್ ಇದರಲ್ಲಿ ನಷ್ಟದ ಬದಲು ಲಾಭ ಕಂಡ. ವಿದ್ಯುತ್ ರೈಲಿಗೆ ಹೊಗೆಯಿಲ್ಲ. ಹೊಗೆಯಿಲ್ಲದ ಹಳಿಗಳ ಮೇಲೆ ಮಾಡು ಹಾಕಬಹುದು. ಮಾಡಿನ ಮೇಲೆ ಕಟ್ಟಡ ಎಬ್ಬಿಸಿ ಬಾಡಿಗೆ ಪಡೆಯಬಹುದು. ಆ ಬಾಡಿಗೆಯಿಂದಲೇ ಹೊಸ ನಿಲ್ದಾಣದ ಖರ್ಚು ತೂಗಿಸಬಹುದು. 1913ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಟರ್ಮಿನಲ್ ತೆರೆಯಿತು. ಮಸಿ ಹಿಡಿದ ಯಾರ್ಡ್ ಇದ್ದ ಜಾಗ ಊರಿನ ಅತಿ ದುಬಾರಿ ಬೀದಿಗಳಲ್ಲಿ ಒಂದಾಯಿತು. 1931ರ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಂಥ ಭಾರಿ ಕಟ್ಟಡಕ್ಕೂ ಕೆಳಗೆ ನೆಲವಿಲ್ಲ, ಹಳಿಗಳ ನಡುವೆ ಇಳಿಬಿಟ್ಟ ಉಕ್ಕಿನ ಕಂಬಗಳಿವೆ. ಇಲ್ಲಿ ಮಾರಾಟವಾದದ್ದು ನಿಜವಾಗಿ ಮೇಲಿನ ಜಾಗವೇ. ಆಮೇಲೆ ಬಂದ ಲೆಕ್ಕದ ಸರಕು ಬೇರೆ, ಹೆಸರು ಮಾತ್ರ ಒಂದೇ ಉಳಿದುಕೊಂಡಿತು. ಇಂದಿಗೂ ಈ ವಿಷಯದಲ್ಲಿ ಆಗುವ ಅರ್ಧ ಗೊಂದಲಕ್ಕೆ ಈ ಹೆಸರೇ ಕಾರಣ.

ಲೆಕ್ಕದ ಕಥೆ ಶುರುವಾಗುವುದು ನೆರಳಿನಿಂದ. 1915ರಲ್ಲಿ ಬ್ರಾಡ್‌ವೇ ಬೀದಿಯಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಮುಗಿಯಿತು. 38 ಮಹಡಿ, ಸುಮಾರು 12 ಲಕ್ಷ ಚದರ ಅಡಿ, ಅದೂ ಒಂದು ಎಕರೆಯೊಳಗಿನ ಜಾಗದಲ್ಲಿ. ಬೀದಿಯ ಅಂಚಿನಿಂದ ಎದ್ದ ಗೋಡೆ ಎಲ್ಲೂ ಒಂದಡಿ ಹಿಂದೆ ಸರಿಯದೆ ತುದಿ ಮುಟ್ಟಿತ್ತು. ಅದರ ನೆರಳು ಏಳು ಎಕರೆ ಹರಡುತ್ತದೆಂದು ಆಗ ಲೆಕ್ಕ ಹಾಕಿದರು. ಕತ್ತಲಲ್ಲಿ ಬಿದ್ದ ನೆರೆಯ ಕಟ್ಟಡಗಳ ಬಾಡಿಗೆ ಕುಸಿಯಿತು. ಈ ಒಂದು ಕಟ್ಟಡ ನೋಡಿ ನಗರ ಎಚ್ಚೆತ್ತಿತು ಎಂಬ ಕಥೆ ಪ್ರಚಲಿತವಾಗಿದ್ದರೂ ಪೂರ್ತಿ ನಿಜವಲ್ಲ. ಎತ್ತರದ ಬಗ್ಗೆ ಪರಿಶೀಲಿಸುವ ಆಯೋಗ 1913ರಲ್ಲೇ ಕೂತಿತ್ತು. ಒತ್ತಾಯ ಇನ್ನೊಂದು ದಿಕ್ಕಿನಿಂದಲೂ ಬಂದಿತ್ತು. ಫಿಫ್ತ್ ಅವೆನ್ಯೂವಿನ ಸಿರಿವಂತ ಅಂಗಡಿಯವರಿಗೆ ತಮ್ಮ ಗಿರಾಕಿಗಳ ನಡುವೆ ಸಿದ್ಧ ಉಡುಪಿನ ಕಾರ್ಖಾನೆಗಳ ವಲಸೆ ಕಾರ್ಮಿಕರು ಮಧ್ಯಾಹ್ನದ ಬಿಡುವಿನಲ್ಲಿ ನಿಲ್ಲುವುದು ಸಹಿಸಲಾಗುತ್ತಿರಲಿಲ್ಲ. ಬೆಳಕಿನ ಚಿಂತೆಯೂ ಬಡವರನ್ನು ದೂರವಿಡುವ ಚಿಂತೆಯೂ ಒಂದೇ ಕಾಗದದಲ್ಲಿ ಕಾನೂನಾದವು.

1916ರ ಜುಲೈ 25ರಂದು ಜಾರಿಯಾದ ಆ ನಿಯಮ ಊರನ್ನು ವಾಸದ, ವ್ಯಾಪಾರದ ಮತ್ತು ನಿರ್ಬಂಧವಿಲ್ಲದ ವಲಯಗಳಾಗಿ ಹಂಚಿತು. ಎತ್ತರಕ್ಕೆ ಇಷ್ಟೇ ಎಂದು ಗೆರೆ ಎಳೆಯಲಿಲ್ಲ. ಬೀದಿಯ ಅಗಲಕ್ಕೆ ತಕ್ಕಷ್ಟು ಗೋಡೆ ನೇರ ಏರಬಹುದು, ಆಮೇಲೆ ಹಿಂದೆ ಸರಿಯುತ್ತ ಹೋಗಬೇಕು ಎಂದಿತು. ಬೀದಿಯ ಅಗಲದ ಎರಡು ಪಟ್ಟು ಏರಲು ಬಿಟ್ಟ ವಲಯದಲ್ಲಿ ಮುಂದಿನ ಪ್ರತಿ ನಾಲ್ಕು ಅಡಿ ಎತ್ತರಕ್ಕೆ ಒಂದಡಿ ಹಿಂದೆ ಸರಿಯಬೇಕಿತ್ತು. ನಿವೇಶನದ ಕಾಲುಭಾಗದ ಮೇಲೆ ಮಾತ್ರ ಗೋಪುರ ಎಷ್ಟು ಬೇಕಾದರೂ ಎತ್ತರಕ್ಕೆ ಹೋಗಬಹುದಿತ್ತು. ಈ ನಿಯಮ ಬಿಟ್ಟುಕೊಡುವ ಅತಿ ದೊಡ್ಡ ಆಕಾರ ಹೇಗಿರುತ್ತದೆ ಎಂಬುದನ್ನು 1922ರಲ್ಲಿ ಹ್ಯೂ ಫೆರಿಸ್ ಎಂಬ ಚಿತ್ರಕಾರ ಇದ್ದಿಲಿನಲ್ಲಿ ಬರೆದು ತೋರಿಸಿದ: ಮೊದಲು ಕಾನೂನು ಕೊರೆದಿಟ್ಟ ಬೆಟ್ಟದಂಥ ರಾಶಿ, ಆಮೇಲೆ ಅದರಿಂದ ಹಂತಹಂತವಾಗಿ ಕಡೆದ ಕಟ್ಟಡ. ವಾಸ್ತುಶಿಲ್ಪಿಗಳು ಆ ಚಿತ್ರಗಳಿಂದ ಪಾಠ ಕಲಿತರು. ದೇವಾಲಯದ ಗೋಪುರದಂತೆ ಅಂತಸ್ತು ಅಂತಸ್ತಾಗಿ ಕಿರಿದಾಗುವ ನೂರಾರು ಕಟ್ಟಡಗಳು, ಅವುಗಳ ನಡುವೆ 1930ರ ಕ್ರೈಸ್ಲರ್, 1931ರ ಎಂಪೈರ್ ಸ್ಟೇಟ್, ಎಲ್ಲವೂ ಈ ನಿಯಮದ ಕೂಸುಗಳು. ಆ ಕಾಲದ ಶೈಲಿ ಎಂದು ಪ್ರವಾಸಿಗಳು ಮೆಚ್ಚುವ ಆಕಾರದಲ್ಲಿ ವಕೀಲರ ಪಾಲು ಶಿಲ್ಪಿಗಳ ಪಾಲಿಗಿಂತ ಕಡಿಮೆಯೇನಲ್ಲ.

ಆ ನಿಯಮಕ್ಕೆ ಒಂದು ದೌರ್ಬಲ್ಯವಿತ್ತು. ಅದು ಆಕಾರವನ್ನು ಹಿಡಿದಿತ್ತು, ಮೊತ್ತವನ್ನು ಹಿಡಿದಿರಲಿಲ್ಲ. ಅದು ಬಿಟ್ಟಷ್ಟನ್ನೂ ಕಟ್ಟಿದರೆ ಊರಿನಲ್ಲಿ ಐದೂವರೆ ಕೋಟಿ ಜನ ಹಿಡಿಸುತ್ತಾರೆಂದು ನಗರ ಯೋಜಕರು ಲೆಕ್ಕ ತೆಗೆದಾಗ ಅಲ್ಲಿದ್ದ ಜನ ಎಂಬತ್ತು ಲಕ್ಷಕ್ಕಿಂತ ಕಡಿಮೆ. 1961ರ ಹೊಸ ನಿಯಮ ಹೀಗಾಗಿ ಮೊತ್ತಕ್ಕೇ ಕೈಹಾಕಿತು. ಎಫ್‌ಎಆರ್ ಬಂದದ್ದು ಆಗ. ಅತಿ ದಟ್ಟ ವ್ಯಾಪಾರ ವಲಯದಲ್ಲಿ ಅದು 15. ಜೊತೆಗೆ ಒಂದು ಆಮಿಷವೂ ಇತ್ತು. ಕಟ್ಟಡದ ಮುಂದೆ ಸಾರ್ವಜನಿಕರಿಗೆ ಬಯಲು ಬಿಟ್ಟರೆ, ಬಿಟ್ಟ ಒಂದು ಚದರ ಅಡಿಗೆ ಹತ್ತು ಚದರ ಅಡಿ ಹೆಚ್ಚು ಕಟ್ಟಬಹುದು, ಎಫ್‌ಎಆರ್ 18ರವರೆಗೂ. ಮನಸ್ಸಿನಲ್ಲಿದ್ದ ಮಾದರಿ 1958ರ ಸೀಗ್ರಾಂ ಬಿಲ್ಡಿಂಗ್. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಯಾರೂ ಕೇಳದಿದ್ದರೂ ಪಾರ್ಕ್ ಅವೆನ್ಯೂವಿನ ಚಿನ್ನದಂಥ ನೆಲದಲ್ಲಿ ದೊಡ್ಡ ಪಾಲನ್ನು ಖಾಲಿ ಬಿಟ್ಟಿದ್ದ. ಒಬ್ಬ ರಸಿಕ ಸ್ವಂತ ಖುಷಿಯಿಂದ ಮಾಡಿದ್ದನ್ನು ಸೂತ್ರ ಮಾಡಿ ಬೋನಸ್ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಕೂರಲು ಕಲ್ಲುಬೆಂಚೂ ಇಲ್ಲದ, ಗಾಳಿ ಬೀಸುವ ಬೋಳು ಅಂಗಳಗಳು ಸಾಲುಸಾಲಾಗಿ ಬಂದವು. ಸಮಾಜ ವೀಕ್ಷಕ ವಿಲಿಯಂ ವೈಟ್ ಕ್ಯಾಮೆರಾ ಇಟ್ಟು ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ವರ್ಷಗಟ್ಟಲೆ ನೋಡಿದ. ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ ಎಂಬುದು ಅವನ ಸಂಶೋಧನೆಯ ಸಾರ. ಹಾಸ್ಯದಂತೆ ಕೇಳಿಸುತ್ತದೆ, ಆದರೆ 1975ರಲ್ಲಿ ಮೂವತ್ತು ಚದರ ಅಡಿ ಬಯಲಿಗೆ ಒಂದಡಿ ಉದ್ದದ ಆಸನ ಇರಲೇಬೇಕೆಂದು ಬರೆಸಿದ್ದು ಅದೇ. ಇಪ್ಪತ್ತೈದು ವರ್ಷ ಕಳೆದು ಜೆರಾಲ್ಡ್ ಕೇಡನ್ ಎಂಬ ಸಂಶೋಧಕ 320 ಕಟ್ಟಡಗಳ ಇಂಥ 503 ಜಾಗಗಳನ್ನು ಪರಿಶೀಲಿಸಿದಾಗ ನೂರಕ್ಕೆ ನಲವತ್ತರಷ್ಟು ಹೆಚ್ಚೇನೂ ಉಪಯೋಗಕ್ಕೆ ಬಾರದವಾಗಿದ್ದವು. ಅವುಗಳ ಬದಲಿಗೆ ಪಡೆದ ಮಹಡಿಗಳು ಮಾತ್ರ ಎಲ್ಲವೂ ಬಾಡಿಗೆ ತರುತ್ತಿದ್ದವು.

ಮೊತ್ತ ನಿಗದಿಯಾದ ದಿನವೇ ಬಳಸದೆ ಉಳಿದ ಮೊತ್ತವೂ ಹುಟ್ಟಿತು. ಅದರ ಮಾರಾಟಕ್ಕೆ ನ್ಯೂಯಾರ್ಕಿನಲ್ಲಿ ಎರಡು ದಾರಿಗಳಿವೆ. ಒಂದು ಸುಲಭದ್ದು: ಒಂದೇ ಬ್ಲಾಕಿನಲ್ಲಿ ಕನಿಷ್ಠ ಹತ್ತು ಅಡಿ ಗಡಿ ಹಂಚಿಕೊಂಡ ನಿವೇಶನಗಳನ್ನು ನಿಯಮದ ದೃಷ್ಟಿಗೆ ಒಂದೇ ಎಂದು ಸೇರಿಸಿಬಿಡುವುದು. ಮಾಲೀಕರು ಬೇರೆಬೇರೆಯೇ ಇರುತ್ತಾರೆ, ದಾಖಲೆಯಲ್ಲಿ ಮಾತ್ರ ಜಾಗ ಒಂದು. ಅದಕ್ಕೆ ಸಾರ್ವಜನಿಕ ವಿಚಾರಣೆಯಿಲ್ಲ, ನಗರದ ವಿಶೇಷ ಒಪ್ಪಿಗೆಯೂ ಬೇಡ. ಎರಡನೆಯ ನಿವೇಶನದ ಮೂಲಕ ಮೂರನೆಯದನ್ನು, ಅದರ ಮೂಲಕ ನಾಲ್ಕನೆಯದನ್ನು ಕೋದುಕೊಂಡು ಹೋಗಬಹುದು. ಇನ್ನೊಂದು ದಾರಿ ಪಾರಂಪರಿಕ ಕಟ್ಟಡಗಳಿಗಾಗಿ ಮಾಡಿದ್ದು. ಅದರಲ್ಲಿ ಬೀದಿ ದಾಟಿಯೂ ಹಕ್ಕನ್ನು ಕಳಿಸಬಹುದು, ಆದರೆ ಬಹುಕಾಲ ಅದಕ್ಕೆ ವಿಶೇಷ ಪರವಾನಗಿ ಬೇಕಿತ್ತು.

ಈ ಎರಡನೆಯ ದಾರಿಗೆ ಕಾನೂನಿನ ಬಲ ಬಂದದ್ದು ಮತ್ತೆ ಗ್ರ್ಯಾಂಡ್ ಸೆಂಟ್ರಲ್‌ನಿಂದಲೇ. 1963ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಷನ್ನಿನ ಭವ್ಯ ಕಟ್ಟಡವನ್ನು ಕೆಡವಲು ತೊಡಗಿದಾಗ ಊರು ತಡವಾಗಿ ಮರುಗಿತು. 1965ರಲ್ಲಿ ಪಾರಂಪರಿಕ ಕಟ್ಟಡಗಳ ಕಾನೂನು ಬಂತು, 1967ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಆ ಪಟ್ಟಿ ಸೇರಿತು. ನಷ್ಟದಲ್ಲಿದ್ದ ಪೆನ್ ಸೆಂಟ್ರಲ್ ರೈಲು ಕಂಪನಿಗೆ ನಿಲ್ದಾಣದ ನೆತ್ತಿಯ ಮೇಲೆ ಮಾರ್ಸೆಲ್ ಬ್ರೂಯರ್ ವಿನ್ಯಾಸದ ಐವತ್ತಕ್ಕೂ ಹೆಚ್ಚು ಮಹಡಿಗಳ ಗೋಪುರ ನಿಲ್ಲಿಸಬೇಕಿತ್ತು. ಸಂರಕ್ಷಣಾ ಆಯೋಗ ಒಪ್ಪಲಿಲ್ಲ. ನಮ್ಮ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಂಡಂತಾಯಿತು ಎಂದು ಕಂಪನಿ ಕೋರ್ಟಿಗೆ ಹೋಯಿತು. ಜಾಕ್ವೆಲಿನ್ ಕೆನಡಿ ಒನಾಸಿಸ್ ನಿಲ್ದಾಣದ ಪರವಾಗಿ ಬೀದಿಗಿಳಿದರು. 1978ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಆರಕ್ಕೆ ಮೂರರ ಬಹುಮತದಿಂದ ನಗರದ ಕಡೆ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪಿನ ಒಂದು ಎಳೆ ಹೀಗಿದೆ: ನಿಲ್ದಾಣ ನಿಲ್ದಾಣವಾಗಿಯೇ ನಡೆಯುತ್ತಿದೆ, ಮೇಲೆ ಕಟ್ಟುವ ಹಕ್ಕು ಪೂರ್ತಿ ನಾಶವಾಗಿಲ್ಲ, ಹತ್ತಿರದ ಬೇರೆ ನಿವೇಶನಗಳಿಗೆ ವರ್ಗಾಯಿಸಲು ಬರುತ್ತದೆ, ಆದ್ದರಿಂದ ಹೊರೆ ತಗ್ಗಿದೆ. ಅಂದರೆ ಲೆಕ್ಕದ ಸರಕೊಂದು ಸಂವಿಧಾನದ ತಕ್ಕಡಿಯಲ್ಲಿ ತೂಕ ಪಡೆಯಿತು. ಕಾಗದದ ಮೇಲಿನ ಈ ತೂಕಕ್ಕೆ ಕೊಳ್ಳುವವರು ಸಿಗುವುದು ಮಾತ್ರ ಕಷ್ಟವಾಯಿತು, ಏಕೆಂದರೆ ನಿಲ್ದಾಣದ ಆಸುಪಾಸಿನ ನಿವೇಶನಗಳೆಲ್ಲ ಆಗಲೇ ತುಂಬಿದ್ದವು. ನೆಲದಡಿಯ ಹಳಿಗಳ ಒಡೆತನ ಕೂಡಿಸಿಕೊಂಡು ಬಂದಿರುವುದರಿಂದ ಮ್ಯಾಡಿಸನ್ ಅವೆನ್ಯೂವಿನ ದೂರದ ಜಾಗವೂ ‘ಪಕ್ಕದ್ದೇ’ ಎಂದು ವಾದಿಸಿದ ಒಂದು ಯೋಜನೆಯನ್ನು ನಗರ ಯೋಜನಾ ಆಯೋಗ 1989ರಲ್ಲಿ ತಿರಸ್ಕರಿಸಿತು. ಹತ್ತು ಲಕ್ಷ ಚದರ ಅಡಿಗೂ ಹೆಚ್ಚು ಹಕ್ಕು ನಿಲ್ದಾಣದ ಮೇಲೆ ತೂಗಾಡುತ್ತಲೇ ಉಳಿಯಿತು.

ಭಾರತದಲ್ಲಿ ಈ ಉಪಾಯ ಟಿಡಿಆರ್, ಅಂದರೆ ಅಭಿವೃದ್ಧಿ ಹಕ್ಕು ವರ್ಗಾವಣೆ ಎಂಬ ಹೆಸರಿನಲ್ಲಿ ಪರಿಚಿತ. ಮುಂಬಯಿ 1991ರ ನಿಯಮಗಳಲ್ಲಿ ಅದನ್ನು ತಂದಿತು. ಕರ್ನಾಟಕದಲ್ಲಿ ಅದಕ್ಕೆ ಆಧಾರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ಆಮೇಲೆ ಸೇರಿಸಿದ 14-ಬಿ ಪ್ರಕರಣ. ಬೆಂಗಳೂರಿನಲ್ಲಿ ಅದರ ಮುಖ್ಯ ಬಳಕೆ ರಸ್ತೆ ಅಗಲೀಕರಣ. ಜಾಗ ಬಿಟ್ಟುಕೊಟ್ಟವರಿಗೆ ದುಡ್ಡಿನ ಬದಲು ಹಕ್ಕುಪತ್ರ. ನ್ಯೂಯಾರ್ಕಿನ ಸರಕಿಗೂ ಇದಕ್ಕೂ ತತ್ವ ಒಂದೇ, ಮಾರುಕಟ್ಟೆ ಬೇರೆ. ಮಂಜೂರಾದ ನಕ್ಷೆಗಿಂತ ಒಂದೆರಡು ಮಹಡಿ ಹೆಚ್ಚು ಎಬ್ಬಿಸಿ, ಸೆಟ್‌ಬ್ಯಾಕ್ ನುಂಗಿ, ಅಕ್ರಮ–ಸಕ್ರಮಕ್ಕೆ ಕಾಯುವುದು ವಾಡಿಕೆಯಾದ ಊರಿನಲ್ಲಿ ಹಕ್ಕುಪತ್ರ ಕೊಂಡು ಕಟ್ಟುವವನೇ ಪೆದ್ದನಾಗುತ್ತಾನೆ; ಶುಲ್ಕ ಪಡೆದು ಸರ್ಕಾರವೇ ‘ಪ್ರೀಮಿಯಂ ಎಫ್‌ಎಆರ್’ ಕೊಡತೊಡಗಿದರೆ ಹಕ್ಕುಪತ್ರದ ಬೆಲೆ ಇನ್ನಷ್ಟು ಇಳಿಯುತ್ತದೆ. ಇಷ್ಟಾದರೂ ಈ ಕಾಗದ ಹಗುರವೇನಲ್ಲ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಗೆಂದು ಬೆಂಗಳೂರು ಅರಮನೆ ಮೈದಾನದ 15 ಎಕರೆ 39 ಗುಂಟೆ ಜಾಗಕ್ಕೆ ಸುಮಾರು 3,000 ಕೋಟಿ ರೂಪಾಯಿ ಮೌಲ್ಯದ ಟಿಡಿಆರ್ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ರಾಜ್ಯ ಸರ್ಕಾರ ಮರು ತಿಂಗಳೇ ಸುಗ್ರೀವಾಜ್ಞೆಯ ಮೊರೆ ಹೋಯಿತು.

ನ್ಯೂಯಾರ್ಕಿನಲ್ಲಿ ಮೊದಲ ದಾರಿಯ, ಅಂದರೆ ನಿವೇಶನ ಕೂಡಿಸುವ ದಾರಿಯ ಪೂರ್ತಿ ಶಕ್ತಿ ಬಯಲಾದದ್ದು ಈ ಶತಮಾನದಲ್ಲಿ. ನಿಯಮ ಒಟ್ಟು ಚದರ ಅಡಿಯನ್ನು ಕಟ್ಟಿಹಾಕಿತ್ತು, ಮ್ಯಾನ್‌ಹಟನ್ನಿನ ಮಧ್ಯ ಭಾಗದಲ್ಲಿ ಎತ್ತರವನ್ನು ಕಟ್ಟಿಹಾಕಿರಲಿಲ್ಲ. ಒಂದು ಲಕ್ಷ ಚದರ ಅಡಿಯನ್ನು ಹತ್ತು ಸಾವಿರದ ಹತ್ತು ಮಹಡಿ ಮಾಡಬಹುದು, ಎರಡು ಸಾವಿರದ ಐವತ್ತು ಮಹಡಿಯನ್ನೂ ಮಾಡಬಹುದು. ಸೆಂಟ್ರಲ್ ಪಾರ್ಕ್ ಕಾಣುವ ಎತ್ತರದ ಮನೆಗೆ ಜಗತ್ತಿನ ಕುಬೇರರು ಕೇಳಿದಷ್ಟು ಕೊಡುವಾಗ ಎರಡನೆಯದೇ ಲಾಭ. ಸುತ್ತಲಿನ ಗಿಡ್ಡ ಕಟ್ಟಡಗಳ ಹಕ್ಕನ್ನು ಒಂದೊಂದಾಗಿ ಕೊಂಡು, ಚಿಕ್ಕ ಪಾದದ ಮೇಲೆ ಸೂಜಿಯಂತೆ ಏರಿಸುವ ಕೆಲಸ 57ನೇ ಬೀದಿಯ ಆಸುಪಾಸಿನಲ್ಲಿ ನಡೆಯಿತು. 111 ವೆಸ್ಟ್ 57 ಗೋಪುರ 1,428 ಅಡಿ ಎತ್ತರ, ಅಗಲ 60 ಅಡಿಯಷ್ಟು. 1,550 ಅಡಿಯ ಸೆಂಟ್ರಲ್ ಪಾರ್ಕ್ ಟವರ್‌ಗಾಗಿ ಎಕ್ಸ್‌ಟೆಲ್ ಕಂಪನಿ ಪಕ್ಕದ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಹಳೆಯ ಕಲಾಶಾಲೆಯಿಂದ 2005ರಲ್ಲಿ 2.3 ಕೋಟಿ ಡಾಲರಿಗೆ ಕಟ್ಟದ ಮಹಡಿಗಳನ್ನು ಕೊಂಡಿತು, ಮುಂದೆ 3.18 ಕೋಟಿ ಡಾಲರಿಗೆ ಇನ್ನೊಂದಿಷ್ಟು ಹಕ್ಕು ಸೇರಿಸಿಕೊಂಡಿತು. ಗೋಪುರದ ಒಂದು ಪಕ್ಕ ನೂರಾರು ಅಡಿ ಮೇಲೆ ಆ ಕಲಾಶಾಲೆಯ ಮಾಡಿನ ಮೇಲೆ ಚಾಚಿಕೊಂಡು ನಿಂತಿದೆ. ಇಲ್ಲಿ ಮಾತ್ರ ಏರ್ ರೈಟ್ಸ್ ಎಂಬ ಮಾತಿಗೆ ಅಕ್ಷರಶಃ ಅರ್ಥ ಮತ್ತೆ ಬಂತು.

ಲೆಕ್ಕದ ಕಟ್ಟಡಗಳಲ್ಲಿ ಲೆಕ್ಕಕ್ಕೆ ಬಾರದ ಜಾಗ ಹುಡುಕುವುದು ಸಹಜವಾಗಿಯೇ ಮುಂದಿನ ಹೆಜ್ಜೆ. ಲಿಫ್ಟು, ನೀರು, ಹವಾನಿಯಂತ್ರಣದ ಯಂತ್ರಗಳಿರುವ ಮಹಡಿ ಎಫ್‌ಎಆರ್‌ಗೆ ಸೇರುವುದಿಲ್ಲ. ಆ ಮಹಡಿಯ ಎತ್ತರ ಇಷ್ಟೇ ಎಂದು ನಿಯಮದಲ್ಲಿ ಇರಲಿಲ್ಲ. 1,396 ಅಡಿಯ 432 ಪಾರ್ಕ್ ಅವೆನ್ಯೂ ಕಟ್ಟಡದಲ್ಲಿ ಹನ್ನೆರಡು ಮಹಡಿಗೊಮ್ಮೆ ಎರಡು ಮಹಡಿಯಷ್ಟು ಎತ್ತರದ ತೆರೆದ ಅಂತರಗಳಿವೆ. ಗಾಳಿಯ ಹೊಡೆತ ತಗ್ಗಿಸಲು ಅವು ಬೇಕು, ನಿಜ. ಮೇಲಿನ ಮನೆಗಳನ್ನು ಇನ್ನಷ್ಟು ಮೇಲಕ್ಕೆತ್ತುವುದೂ ಅವೇ. ಬೇರೆಡೆ ನೂರಡಿ ಮೀರಿದ ‘ಯಂತ್ರದ ಮಹಡಿ’ಗಳ ನಕ್ಷೆಗಳು ಬರತೊಡಗಿದಾಗ ನಗರ ಎಚ್ಚರಗೊಂಡಿತು. 2019ರ ತಿದ್ದುಪಡಿಯಂತೆ ಮ್ಯಾನ್‌ಹಟನ್ನಿನ ದಟ್ಟ ವಸತಿ ವಲಯಗಳಲ್ಲಿ 25 ಅಡಿ ಮೀರಿದ ಇಂಥ ಖಾಲಿ ಅಂತರ ಲೆಕ್ಕಕ್ಕೆ ಸೇರುತ್ತದೆ. ಮನೆಗಳ ಎಫ್‌ಎಆರ್ 12 ಮೀರಬಾರದೆಂಬ 1961ರ ರಾಜ್ಯ ಕಾನೂನಿನ ಮಿತಿಯನ್ನು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಮನೆಗಳ ಅಭಾವ ನೀಗಲೆಂದು, 2024ರಲ್ಲಿ ಸಡಿಲಿಸಲಾಯಿತು.

ಗ್ರ್ಯಾಂಡ್ ಸೆಂಟ್ರಲ್‌ನ ತೂಗಾಡುತ್ತಿದ್ದ ಹಕ್ಕಿಗೆ ಬಿಡುಗಡೆ ಸಿಕ್ಕಿದ್ದು 2017ರಲ್ಲಿ. ಅದಕ್ಕೆ ಮೊದಲು ನಿಲ್ದಾಣದ ಪಕ್ಕದ ಒನ್ ವ್ಯಾಂಡರ್‌ಬಿಲ್ಟ್ ಗೋಪುರಕ್ಕೆ ನಗರ ಬೇರೆ ಬಗೆಯಲ್ಲಿ ಎಫ್‌ಎಆರ್ 30 ಕೊಟ್ಟಿತ್ತು. ಬದಲಿಗೆ ಕಟ್ಟುವವರು ಮೆಟ್ರೋ ನಿಲ್ದಾಣದ ಸುಧಾರಣೆಗೆ 22 ಕೋಟಿ ಡಾಲರ್ ಖರ್ಚು ಮಾಡಬೇಕಾಯಿತು. ನಗರ ಹೀಗೆ ತಾನೇ ಮಹಡಿ ಹಂಚಿದರೆ ನಮ್ಮ ಸರಕನ್ನು ಯಾರು ಕೊಳ್ಳುತ್ತಾರೆ ಎಂದು ನಿಲ್ದಾಣದ ಅಂದಿನ ಮಾಲೀಕರು ನೂರು ಕೋಟಿ ಡಾಲರಿಗೂ ಹೆಚ್ಚಿನ ದಾವೆ ಹೂಡಿ, ಮರುವರ್ಷ ರಾಜಿಯಾದರು. ಅವರ ತರ್ಕದಲ್ಲಿ ಹುರುಳಿತ್ತು; ಬೆಂಗಳೂರಿನ ಟಿಡಿಆರ್ ಹಿಡಿದವರ ಅಳಲೂ ಇದೇ. 2017ರ ಆಗಸ್ಟಿನ ಹೊಸ ನಿಯಮ ಮಿಡ್‌ಟೌನ್ ಪೂರ್ವದ 78 ಬ್ಲಾಕುಗಳಲ್ಲಿ ಪಕ್ಕ, ಎದುರು ಎಂಬ ಹಂಗು ಬಿಟ್ಟು ಪಾರಂಪರಿಕ ಕಟ್ಟಡಗಳ ಹಕ್ಕನ್ನು ಎಲ್ಲಿಗೆ ಬೇಕಾದರೂ ಮಾರಲು ಬಿಟ್ಟಿತು. ಪ್ರತಿ ಮಾರಾಟದ ಶೇಕಡ 20, ಅಥವಾ ಚದರ ಅಡಿಗೆ ಕನಿಷ್ಠ 61.49 ಡಾಲರ್, ಬೀದಿ–ನಿಲ್ದಾಣಗಳ ಸುಧಾರಣಾ ನಿಧಿಗೆ ಸಲ್ಲಬೇಕು ಎಂದೂ ಅದು ವಿಧಿಸಿತು.

ಮೊದಲು ಮುಂದೆ ಬಂದದ್ದು ಜೆಪಿ ಮಾರ್ಗನ್ ಬ್ಯಾಂಕು. 270 ಪಾರ್ಕ್ ಅವೆನ್ಯೂವಿನಲ್ಲಿದ್ದ, 1960ರಲ್ಲಿ ಕಟ್ಟಿದ 52 ಮಹಡಿಯ ತನ್ನ ಕಚೇರಿಯನ್ನು ಕೆಡವಿ 1,388 ಅಡಿಯ ಹೊಸ ಗೋಪುರ ಎಬ್ಬಿಸಲು ಅದು ಗ್ರ್ಯಾಂಡ್ ಸೆಂಟ್ರಲ್‌ನಿಂದ ಆರೂವರೆ ಲಕ್ಷ ಚದರ ಅಡಿಗೂ ಹೆಚ್ಚು ಹಕ್ಕು ಕೊಂಡಿತು. ಸುಮಾರು 50 ಸಾವಿರ ಚದರ ಅಡಿ ಸೇಂಟ್ ಬಾರ್ಥಲೊಮ್ಯೂ ಇಗರ್ಜಿಯಿಂದ ಬಂತು. ಇದೇ ಇಗರ್ಜಿ 1980ರ ದಶಕದಲ್ಲಿ ತನ್ನ ಆವರಣದಲ್ಲಿ ಗೋಪುರ ಕಟ್ಟಲು ಅನುಮತಿ ಕೇಳಿ, ನಿರಾಕರಣೆಗೆ ಗುರಿಯಾಗಿ, 1990ರಲ್ಲಿ ಮೇಲ್ಮನವಿಯಲ್ಲೂ ಸೋತಿತ್ತು. ಬ್ಯಾಂಕಿನ ಹೊಸ ಕಟ್ಟಡ 2025ರಲ್ಲಿ ತೆರೆಯಿತು. ಅದರ ಕೆಳಗೆ ವಿಲ್ಗಸ್ ಮುಚ್ಚಿಸಿದ ಅದೇ ಹಳಿಗಳಿವೆ. ಅವುಗಳ ನಡುವೆ ಕಂಬ ಇಳಿಸಲು ಸಿಕ್ಕ ಎಡೆ ಕಡಿಮೆಯಾದ್ದರಿಂದ ಅರವತ್ತು ಮಹಡಿಗಳ ಭಾರ ಬೀದಿಯ ಮಟ್ಟದಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡ ಕೆಲವೇ ಉಕ್ಕಿನ ಕಂಬಗಳ ಮೇಲೆ ಇಳಿಯುತ್ತದೆ.